ಪುಸ್ತಕದ ಅಂಗಿ ಹರಿದ ಬೇಸಿಗೆ

ಹೋದ ವಾರ ಜೋಗೇಶ್ವರಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿನ ರಸ್ತೆ ಅಗೆಯುತ್ತಿದ್ದರು. ಯಂತ್ರದ ಉಳಿ ಡಾಂಬರು ಸೀಳಿ ಅಡಿಯ ಕರಿಬಂಡೆಗೆ ತಾಗಿದ್ದೇ ತಡ, ಸುಟ್ಟ ಕೂದಲಿನಂಥ ಒಂದು ವಾಸನೆ ನಮ್ಮ ಎರಡನೆಯ ಮಾಳಿಗೆಯ ಕಿಟಕಿಯವರೆಗೂ ಏರಿ ಬಂತು. ಕಲ್ಲಿಗೆ ಬಲವಾದ ಪೆಟ್ಟು ಬಿದ್ದಾಗ ಬರುವ ವಾಸನೆ ಅದು. ಹೆಂಡತಿ ಕಿಟಕಿ ಮುಚ್ಚಲು ಎದ್ದಳು. ಇರಲಿ ಬಿಡು ಎಂದೆ.

ನಾನು ಬದುಕಿನಲ್ಲಿ ಒಂದೇ ಒಂದು ಪುಸ್ತಕಕ್ಕೆ ಮೇಲುಹೊದಿಕೆ ಬರೆದವನು. ಅದನ್ನು ಬರೆದ ಬೇಸಿಗೆ ಈ ವಾಸನೆಯಲ್ಲೇ ಕಳೆದಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನಾಗ ವಡಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಚಿತ್ರ ಬರೆಯುವ ಕೆಲಸಕ್ಕಿದ್ದೆ. ಮಾಲಕರು ಪೈ ಮಾಮ. ನನಗೆ ಸಂಬಂಧಿಯೇನಲ್ಲ, ಇಡೀ ಪ್ರೆಸ್ಸು ಅವರನ್ನು ಹಾಗೆಯೇ ಕರೆಯುತ್ತಿತ್ತು. ಮದುವೆ ಕಾಗದ, ಹೋಟೆಲಿನ ತಿಂಡಿ ಪಟ್ಟಿ, ಕೂದಲೆಣ್ಣೆಯ ಲೇಬಲ್ಲು ಅಚ್ಚು ಹಾಕಿ ಹೊಟ್ಟೆ ಹೊರೆಯುವುದು. ವರ್ಷಕ್ಕೊಂದು ಕನ್ನಡ ಪುಸ್ತಕ ತಂದು ಕೈ ಸುಟ್ಟುಕೊಳ್ಳುವುದು. ಇದು ಅವರ ಕ್ರಮ. ಆ ವರ್ಷ ಮಾರ್ಚಿನಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತು, "ರಘು, ಈ ಸಲ ದಪ್ಪ ರಟ್ಟಿನ ಬೈಂಡು ಮಾರಾಯ. ಮೇಲೆ ಜಾಕೆಟ್ಟು. ಬಣ್ಣ ಎರಡೇ, ಮೂರನೇದು ಕೇಳ್ಬೇಡ. ಅಂಗಡಿಯಲ್ಲಿ ದೂರದಿಂದಲೇ ಕಾಣ್ಬೇಕು," ಎಂದರು. ಎಣ್ಣೆ ಬಾಟಲಿಯ ಮೇಲಿನ ಉದ್ದ ಜಡೆಯ ಹೆಂಗಸರನ್ನು ಬರೆದೂ ಬರೆದೂ ಬೇಸತ್ತಿದ್ದ ನನಗೆ ಹಬ್ಬ ಬಂದಂತಾಯಿತು.

ಪುಸ್ತಕ ಒಂದು ಕಾದಂಬರಿ. ಹೆಸರು 'ಖಡಿ', ಅಂದರೆ ಜಲ್ಲಿಕಲ್ಲು. ಬರೆದವರು ಶಕುಂತಲಾ ಅಕ್ಕೋರು, ವಿಜಾಪುರದ ಕಡೆಯವರು, ಜೋಗೇಶ್ವರಿಯ ಮುನ್ಸಿಪಾಲಿಟಿ ಕನ್ನಡ ಶಾಲೆಯ ಟೀಚರು. ಶಾಲೆಯ ಹಿಂದಿನ ಗುಡ್ಡದಲ್ಲಿ ಒಬ್ಬ ಸೇಟನ ಕಲ್ಲುಗಣಿಯಿತ್ತು. ಅಲ್ಲಿ ಕಲ್ಲು ಒಡೆಯುವವರೆಲ್ಲ ಅವರ ಸೀಮೆಯ ಜನ; ಅವರ ಮಕ್ಕಳು ಅಕ್ಕೋರ ಶಾಲೆಗೆ ಬರುತ್ತಿದ್ದರು. ಒಡೆದ ಖಡಿ ಲಾರಿ ಹತ್ತಿ ಹೋಗಿ ಇಡೀ ಮುಂಬಯಿಯ ಬಿಲ್ಡಿಂಗುಗಳಾಗುತ್ತಿತ್ತು. ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಒಬ್ಬ ಕೂಲಿಯವನು, ಮದ್ದು ಸಿಡಿಸುವ ಮೊದಲು ಎತ್ತಿದ ಕೆಂಪು ಬಾವುಟವನ್ನು ಕುಡಿದ ಅಮಲಿನಲ್ಲಿ ನೋಡದೆ, ಸಿಡಿತಕ್ಕೆ ಸಿಕ್ಕಿ ಸಾಯುತ್ತಾನೆ. ಹಿಂದಿನ ವರ್ಷ ಆ ಗಣಿಯಲ್ಲಿ ಯಲ್ಲಪ್ಪನೆಂಬವನು ಸತ್ತದ್ದು ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು. ಪೋಲೀಸರೂ ಹಾಗೆಯೇ ಬರೆದುಕೊಂಡು ಹೋಗಿದ್ದರು.

ನಾನು ಮೊದಲು ಬರೆದದ್ದು ಮೊಣಕಾಲಿಗೆ ಮುಖವಿಟ್ಟು ಅಳುವ ಒಬ್ಬ ಹೆಂಗಸು, ಹಿಂದೆ ಗುಡ್ಡ. ಅಕ್ಕೋರು ಅದನ್ನು ಕೈಯಳತೆ ದೂರ ಹಿಡಿದು ನೋಡಿದರು.

"ಇಕಿ ಯಾರ್ರೀ?"

"ನಿಮ್ಮ ಕಾದಂಬರಿಯ ನಾಯಕಿ."

"ನಮ್ಮ ಹೆಂಗಸ್ರು ಹಿಂಗ ಅಳಕೋತ ಕುಂತ್ರ ಅವತ್ತಿನ ಕೂಲಿ ಯಾರು ಕೊಡ್ತಾರ? ನೀವು ಒಮ್ಮೆ ಬಂದು ಕಣ್ಣಿಲೆ ನೋಡ್ರಿ. ಮನ್ಯಾಗ ಕುಂತು ಬರೀಬ್ಯಾಡ್ರಿ."

ಹೋದೆ. ಏಪ್ರಿಲ್ ತಿಂಗಳ ಬಿಸಿಲು. ಗುಡ್ಡವನ್ನು ಯಾರೋ ಹಲ್ಲಿನಿಂದ ಕಚ್ಚಿ ತೆಗೆದಂತೆ ಕಾಣುತ್ತಿತ್ತು. ಅದರ ಹೊಟ್ಟೆಯೊಳಗೆ ಗಂಡಸರು ಬಂಡೆ ಸೀಳುತ್ತಿದ್ದರೆ ಹೆಂಗಸರು ಸಾಲಾಗಿ ಕುಳಿತು ಖಡಿ ಒಡೆಯುತ್ತಿದ್ದರು. ಒಬ್ಬೊಬ್ಬರ ಬೆರಳಿಗೂ ಚಿಂದಿ ಸುತ್ತಿತ್ತು; ಯಾವ ಚಿಂದಿಯೂ ಅದರ ಮೂಲ ಬಣ್ಣದಲ್ಲಿರಲಿಲ್ಲ. ನಾನು ಹೋಗಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಒಂದು ಚೂರು ಹಾರಿ ಹುಡುಗಿಯೊಬ್ಬಳ ಹುಬ್ಬಿಗೆ ಹೊಡೆಯಿತು. ರಕ್ತ ಕಣ್ಣಿಗಿಳಿಯಿತು. ಪಕ್ಕದವಳು ಕಲ್ಲಿನ ಹಿಟ್ಟನ್ನೇ ತೆಗೆದು ಗಾಯಕ್ಕೆ ಒತ್ತಿ, ತನ್ನ ಸುತ್ತಿಗೆ ಎತ್ತಿಕೊಂಡಳು.

ಕೂಲಿಗಳಿಂದ ಕೆಲಸ ತೆಗೆಯುವ ಮುಕಾದಮನ ಹೆಸರು ದ್ಯಾಮಣ್ಣ. ಇವರದೇ ಸೀಮೆಯವನು, ಇವರಂತೆಯೇ ಕಲ್ಲು ಒಡೆಯಲು ಬಂದು ಮೇಲೇರಿದವನು. ಬೆನ್ನು ನೆಟ್ಟಗೆ ಮಾಡಲು ನಿಂತ ಒಬ್ಬ ಗಂಡಸನ್ನು ಅವನು ಸೊಂಟದ ಪಟ್ಟಿ ಬಿಚ್ಚಿ ಮುಖದ ಮೇಲೆ ಹೊಡೆದ. ಹಿತ್ತಾಳೆಯ ಕೊಂಡಿ ತಾಗಿ ತುಟಿ ಸೀಳಿತು. ಆ ಮನುಷ್ಯ ಬಾಯಿ ಒರೆಸಿಕೊಂಡು ಬಂಡೆಗೆ ಮರಳಿದ. ಸಾಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ದ್ಯಾಮಣ್ಣ ಪಟ್ಟಿ ಬಿಗಿದುಕೊಳ್ಳುತ್ತಾ ನನ್ನ ಹತ್ತಿರ ಬಂದು, "ಚಿತ್ರದ ಸಾಹೇಬ್ರ, ನಂದೂ ಒಂದ್ ಬರೀರಿ," ಎಂದು ನಕ್ಕ.

ಮಧ್ಯಾಹ್ನ ಮದ್ದು ಸಿಡಿಸುವಾಗ ಅವನು ತನ್ನ ಛಪ್ಪರದ ಮಾಡಿನಿಂದ ಒಂದು ಕೋಲು ಎಳೆದು, ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚಿ, ಬಂಡೆಯ ಮೇಲೆ ನಿಂತು ಜೋರಾಗಿ ಬೀಸಿದ. ಎಲ್ಲರೂ ಓಡಿದರು. ನೆಲ ಎದ್ದು ಎದೆಗೆ ಗುದ್ದಿದಂತಾಯಿತು. ಹೊಗೆ ಇಳಿಯುವ ಮೊದಲೇ ನನ್ನ ಚಿತ್ರ ನನಗೆ ಸಿಕ್ಕಿತ್ತು.

ಮೇಲೆ ಪಟಪಟ ಹಾರುವ ಕೆಂಪು ಬಾವುಟ. ಕೆಳಗೆ ಕಪ್ಪು ಬಂಡೆಗಳ ನಡುವೆ ಓಡುವ ಒಂದು ಸಣ್ಣ ಆಕೃತಿ. ಎರಡೇ ಬಣ್ಣ. ಪೈ ಮಾಮ ಖುಷಿಪಟ್ಟರು. ಅಕ್ಕೋರಿಗೂ ಒಪ್ಪಿಗೆಯಾಯಿತು. ಆದರೆ ಅವರೊಂದು ಮಾತು ಹೇಳಿದರು. "ಹುಲಗವ್ವಗ ತೋರಸೋಣ್ರಿ. ಸತ್ತಾಂವ ಆಕಿ ಗಂಡ. ಆಕಿಗೆ ಓದಾಕ ಬರೂದಿಲ್ಲ. ಇಡೀ ಪುಸ್ತಕದಾಗ ಆಕಿ ಓದೂದು ಇದೊಂದ."

ಹುಲಗವ್ವನಿಗೆ ಮೂವತ್ತು ದಾಟಿರಲಿಲ್ಲ. ಗುಡ್ಡದ ಬುಡದಲ್ಲಿ ತಗಡು, ಗೋಣಿಚೀಲದ ಗುಡಿಸಲು. ಭಾನುವಾರವಾದ್ದರಿಂದ ದ್ಯಾಮಣ್ಣ ಇರಲಿಲ್ಲ. ನಾನು ಹಾಳೆ ಬಿಡಿಸಿ, ಇದು ಪುಸ್ತಕದ ಮೇಲೆ ತೊಡಿಸುವುದು ಎಂದೆ.

"ಪುಸ್ತಕದ ಅಂಗಿ ಏನ್ರೀ?" ಎಂದು ಹತ್ತಿರ ಬಂದಳು. ಓಡುವ ಮನುಷ್ಯನ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ಮೇಲಕ್ಕೆ ಹೋಯಿತು. "ಇದೇನು?"

"ನಿಶಾನಿ," ಎಂದರು ಅಕ್ಕೋರು.

ಹುಲಗವ್ವನ ಮುಖ ಬಿಗಿಯಿತು. "ಎಲ್ಲಿತ್ರೀ ನಿಶಾನಿ? ಅವತ್ತ ಎಲ್ಲಿತ್ತು? ಛಪ್ಪರದಾಗ ಸಿಗಿಸಿದ್ದು ಸಿಗಿಸಿದಂಗಽ ಇತ್ತು. ಸುತ್ತಿದ ಅರಿಬಿ ಬಿಚ್ಚಲಿಲ್ಲ. ನನ್ನ ಗಂಡ ಕುಡದೂ ಇರಲಿಲ್ಲ. ನನಗ ನೀರು ತರಾಕ ಹೊಂಟಿದ್ದ. ಕೊಡ ಕೈಯಾಗ ಇತ್ತು."

ಅಕ್ಕೋರು ಅವಳ ಹತ್ತಿರ ಸರಿದರು. "ಹುಲಗವ್ವಾ, ನಾ ಕೇಳಿದಾಗ ನೀನಽ ಅಂದಿ. ಎತ್ತಿದ್ರು, ಅಂವ ನೋಡಲಿಲ್ಲ ಅಂತ."

"ನೀವು ಕೇಳೂಮುಂದ ದ್ಯಾಮಣ್ಣ ನನ್ನ ಬಾಜೂಕ ನಿಂತಿದ್ದ, ಅಕ್ಕೋರ. ನೀವು ಅವನ ಕಡೆ ನೋಡಲೇ ಇಲ್ಲ." ಅವಳ ದನಿ ಏರಿತು. "ನಾ ಅವನ್ನ ಸೆರಗಿನಾಗ ಆರಿಸಿಕೊಂಡು ತಂದೀನ್ರಿ. ಒಂದ್ ಕಾಲು ಸಿಗಲೇ ಇಲ್ಲ. ಅಂಥಾದ್ರಾಗ ಅವನ ತಲಿ ಮ್ಯಾಲೆ ನಿಶಾನಿ ಹಾರಸ್ತೀರಿ?"

ಅವಳು ನನ್ನ ಹಾಳೆಯನ್ನು ಹರಿಯಲಿಲ್ಲ. ಮಡಿಸಿ ನನ್ನ ಕೈಗೇ ಕೊಟ್ಟಳು. ಅದು ಹರಿದುದಕ್ಕಿಂತ ಜೋರಾಗಿ ತಾಗಿತು.

ಅಕ್ಕೋರು ನನ್ನನ್ನು ಕಳಿಸಲು ಬಂದರು. ಸ್ಟೇಶನ್ನಿನ ಹತ್ತಿರ ನಿಂತು, "ನನ್ನ ಪುಸ್ತಕಾನೂ ಪೋಲೀಸ್ರು ಬರದಂಗಽ ಬರದೈತಿ," ಎಂದರು.

ಮರುದಿನ ಅವರು ಪ್ರೆಸ್ಸಿಗೆ ಬಂದು ಕೊನೆಯ ಅಧ್ಯಾಯ ತಿದ್ದಬೇಕೆಂದಾಗ ಪೈ ಮಾಮ ತಲೆ ಮೇಲೆ ಕೈ ಹೊತ್ತರು. ಒಳಪುಟಗಳೆಲ್ಲ ಅಚ್ಚಾಗಿ ಬೈಂಡರನ ಬಳಿಗೆ ಹೋಗಿದ್ದವು. ಅಚ್ಚಿನ ಮೊಳೆಗಳನ್ನು ಬಿಚ್ಚಿ ಮರಳಿ ಪೆಟ್ಟಿಗೆಗೆ ತುಂಬಿಯಾಗಿತ್ತು. ಕಾಗದ ಮತ್ತೆ ಸಿಗುವ ಕಾಲವಲ್ಲ. ಅಚ್ಚಾಗದೆ ಉಳಿದದ್ದು ಮೇಲುಹೊದಿಕೆ ಒಂದೇ.

"ಹಾಗಾದ್ರೆ ಜಾಕೆಟ್ಟಿನ ಒಳಮಡಿಕೆಯಲ್ಲಿ ನಾಲ್ಕು ಸಾಲು ಬರೆದುಬಿಡಿ," ಎಂದರು ಮಾಮ.

"ಬರದ್ರ ಯಾರು ಹೇಳಿದ್ರು ಅಂತ ಕೇಳ್ತಾರ. ಹುಲಗವ್ವನ ಕೊರಳು ಹಿಡೀತಾರ." ಅಕ್ಕೋರು ನನ್ನತ್ತ ತಿರುಗಿದರು. "ಚಿತ್ರಕ್ಕ ಯಾರೂ ಸಾಕ್ಷಿ ಕೇಳೂದಿಲ್ಲ. ನೀವಽ ಖರೇ ಬರೀರಿ."

ಆ ವಾರ ನಾನು ಎಣ್ಣೆಯ ಲೇಬಲ್ಲು ಬದಿಗಿಟ್ಟು ಅದನ್ನೇ ಹಿಡಿದು ಕೂತೆ. ಕೊನೆಗೆ ಉಳಿದದ್ದು ಇಷ್ಟು: ಇಡೀ ಹೊದಿಕೆ, ಬೆನ್ನು, ಹಿಂಬದಿ ಸೇರಿ ಕಪ್ಪು. ಮುಂದೆ ಓರೆಯಾಗಿ ಒಂದು ಕೋಲು, ಕೋಲಿಗೆ ಬಿಗಿಯಾಗಿ ಸುತ್ತಿದ ಕೆಂಪು ಬಟ್ಟೆ, ಬಟ್ಟೆಯ ಮೇಲೆ ದಾರದ ಗಂಟು. ಮನುಷ್ಯರಿಲ್ಲ. 'ಖಡಿ' ಎಂಬ ಎರಡಕ್ಷರವನ್ನು ದಪ್ಪ ಕುಂಚದಲ್ಲಿ, ಮೂಲೆ ಮುರಿದ ಕಲ್ಲಿನಂತೆ ಬರೆದೆ. ಕಪ್ಪಿನ ಮೇಲೆ ಕಾಗದದ ಬಿಳಿಯೇ ಅಕ್ಷರವಾಯಿತು.

ಪೈ ಮಾಮ ಕರಡು ನೋಡಿ ಬೆವರಿದರು. "ಕೆಂಪು ಬಾವುಟ! ಜನ ಪಾರ್ಟಿ ಪುಸ್ತಕ ಅಂತಾರೆ ಮಾರಾಯ. ಮಾಟುಂಗದ ಅಂಗಡಿಯವರು ಮುಟ್ಟೋದಿಲ್ಲ." ಆದರೂ ತಾವೇ ನಿಂತು ಅಚ್ಚು ಹಾಕಿಸಿದರು. ಗುಡಿಸಲಿಗೆ ಒಯ್ದು ತೋರಿಸಿದಾಗ ಹುಲಗವ್ವ ಶಾಯಿ ಪೂರ್ತಿ ಆರದ ಹಾಳೆಯನ್ನು ನೋಡಿ, ಆ ಗಂಟಿನ ಮೇಲೆ ಉಗುರಾಡಿಸಿ, "ಹಾಕ್ರಿ," ಎಂದಳು.

ಬಿಡುಗಡೆ ಮೇ ಕೊನೆಯ ಭಾನುವಾರ, ಶಾಲೆಯ ಅಂಗಳದಲ್ಲಿ. ಮೂರು ದಿನ ಮೊದಲು ಅಕ್ಕೋರು ಒಂದು ಹೊದಿಕೆಯನ್ನು ಶಾಲೆಯ ಗೇಟಿಗೆ ಅಂಟಿಸಿದರು. ಪೇಟೆಯವರು ನೋಡಿದರು, ಮಾಮ ಹೆದರಿದಂತೆಯೇ, ಯೂನಿಯನ್ನಿನದ್ದಿರಬೇಕು ಎಂದು ದಾಟಿದರು. ಸಂಜೆ ಗಣಿಯ ಜನ ಆ ದಾರಿಯಲ್ಲಿ ಇಳಿದರು. ಮೊದಲು ಬಂದ ಹೆಂಗಸು ನಿಂತಳು. ಅವಳ ಹಿಂದಿನವಳೂ ನಿಂತಳು. ಗೇಟಿನ ಮುಂದೆ ಗುಂಪು ಬೆಳೆಯಿತು. ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಒಬ್ಬರೂ ಏನೆಂದು ಕೇಳಲಿಲ್ಲ. ಒಬ್ಬ ಮುದುಕ ಮಾತ್ರ, "ಯಲ್ಲಪ್ಪಂದು," ಎಂದನಂತೆ.

ದ್ಯಾಮಣ್ಣನೂ ಬಂದು ನೋಡಿದ. ಅದನ್ನು ಉಗುರಿನಿಂದ ಕೆರೆದು ತೆಗೆದ. ಮಾರನೆಯ ಬೆಳಿಗ್ಗೆ, ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಹುಲಗವ್ವನ ಗುಡಿಸಲಿಗೆ ಹೋಗಿ ತಗಡುಗಳನ್ನು ಒದ್ದು ಬೀಳಿಸಿದ. ಅವಳನ್ನು ಜುಟ್ಟು ಹಿಡಿದು ಹೊರಗೆಳೆದ. ಎಲ್ಲರ ಎದುರಿಗೇ ಅವಳ ಬಲಗಿವಿಯ ಬೆಂಡೋಲೆಗೆ ಬೆರಳು ಸಿಕ್ಕಿಸಿ ಕೆಳಕ್ಕೆ ಜಗ್ಗಿದ. ಓಲೆ ಅವನ ಕೈಯಲ್ಲಿ ಉಳಿಯಿತು. ಕಿವಿಯ ಹಾಲೆ ಎರಡಾಗಿತ್ತು. ಸುದ್ದಿ ತಿಳಿದು ಅಕ್ಕೋರು ಓಡಿ ಹೋದಾಗ ಅವಳು ಸೀರೆಯ ತುದಿಯನ್ನು ಕಿವಿಗೊತ್ತಿಕೊಂಡು ಬಿದ್ದ ತಗಡುಗಳನ್ನು ಎತ್ತಿ ನಿಲ್ಲಿಸುತ್ತಿದ್ದಳಂತೆ. "ಭಾನುವಾರ ನೀ ಬರಬ್ಯಾಡ" ಎಂದು ಅಕ್ಕೋರು ಅಂದದ್ದಕ್ಕೆ, "ಬರತೀನ್ರಿ. ಕರೀಲಿಲ್ಲಂದ್ರೂ ಬರತೀನಿ," ಎಂದಳಂತೆ.

ಭಾನುವಾರ ಬೆಂಕಿಯಂಥ ಬಿಸಿಲು. ಗಾಳಿ ನಿಂತೇ ಹೋಗಿತ್ತು. ಅಂಗಳದಲ್ಲಿ ಹಾಸಿದ ಜಮಖಾನೆಯ ಮುಂದಿನ ಭಾಗದಲ್ಲಿ ವಡಾಲ, ಮಾಟುಂಗದಿಂದ ಬಂದ ಕೆಲವು ಓದುಗರು. ಹಿಂದೆ ಗಣಿಯ ಜನ. ಅಷ್ಟು ಮಂದಿ ಬರುತ್ತಾರೆಂದು ನಾವು ಎಣಿಸಿರಲಿಲ್ಲ. ಕಿವಿಗೆ ಬಟ್ಟೆ ಕಟ್ಟಿಕೊಂಡ ಹುಲಗವ್ವ ಕಂಪೌಂಡಿನ ಗೋಡೆಗೊರಗಿ ನಿಂತಿದ್ದಳು. ಮೇಜಿನ ಮೇಲೆ, ಅಚ್ಚಾದಷ್ಟೂ ಪುಸ್ತಕಗಳ ಕಟ್ಟುಗಳು. ಪೈ ಮಾಮ ತೆಂಗಿನಕಾಯಿ ಒಡೆದು, ಮಾತಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ದ್ಯಾಮಣ್ಣ ನಾಲ್ಕು ಜನರೊಂದಿಗೆ ಒಳಗೆ ನುಗ್ಗಿದ. ಎಲ್ಲರ ಕೈಯಲ್ಲೂ ಗುದ್ದಲಿಯ ಕಾವು.

ಅವರು ಪುಸ್ತಕ ಮುಟ್ಟಲಿಲ್ಲ. "ಅಂಗಿ ಅಷ್ಟ ಹರೀರಿ!" ಎಂದು ದ್ಯಾಮಣ್ಣ ಕೂಗಿದ. ಅವನಿಗೂ ಓದಲು ಬರುತ್ತಿರಲಿಲ್ಲ. ಒಳಗಿನ ಪುಟಗಳು ಅವನ ಪರವಾಗಿಯೇ ಇದ್ದವೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಒಂದೊಂದೇ ಪುಸ್ತಕವನ್ನೆತ್ತಿ, ಕೋಳಿಯ ಪುಕ್ಕ ಕೀಳುವಂತೆ ಹೊದಿಕೆ ಕಿತ್ತು, ಬೋಳು ಪುಸ್ತಕವನ್ನು ಮಣ್ಣಿಗೆಸೆದರು. ಅಡ್ಡ ಬಂದ ಪೈ ಮಾಮನ ಬಾಯಿಗೆ ಮೊಣಕೈ ಬಿತ್ತು. ಕನ್ನಡಕ ಕಾಲಡಿ ಪುಡಿಯಾಯಿತು. ನಾನು ಒಂದು ಕಟ್ಟನ್ನು ಎದೆಗವುಚಿಕೊಂಡು ಕುಸಿದು ಕೂತೆ. ಯಾವ ಧೈರ್ಯದಿಂದ ಹಾಗೆ ಮಾಡಿದೆನೋ, ಅದು ಧೈರ್ಯವೇ ಆಗಿತ್ತೋ, ಇವತ್ತಿಗೂ ಹೇಳಲಾರೆ. ಕಾವು ನನ್ನ ಎಡ ಭುಜದ ಮೇಲೆ ಇಳಿಯಿತು. ಒಣಕಟ್ಟಿಗೆ ಮುರಿದ ಸದ್ದು ನನ್ನ ಮೈಯೊಳಗಿನಿಂದಲೇ ಕೇಳಿತು. ಕಟ್ಟನ್ನು ಕಸಿದುಕೊಂಡು ಅದರ ಹೊದಿಕೆಗಳನ್ನೂ ಕಿತ್ತರು.

ಮೊದಲನೆಯ ಕಲ್ಲು ಯಾರ ಕೈಯಿಂದ ಬಂತೋ ಗೊತ್ತಿಲ್ಲ. ಅದು ದ್ಯಾಮಣ್ಣನ ಕಿವಿಯ ಮೇಲೆ ಹೊಡೆಯಿತು. ಅವನು ತಿರುಗಿ ನೋಡುವಷ್ಟರಲ್ಲಿ ಎರಡನೆಯದು, ಆಮೇಲೆ ಸುರಿಮಳೆ. ಹುಟ್ಟಿದಂದಿನಿಂದ ಕಲ್ಲು ಹಿಡಿದ ಕೈಗಳು ಅವು. ಗುರಿ ತಪ್ಪಲಿಲ್ಲ. ಕಾವು ಹಿಡಿದ ನಾಲ್ವರೂ ಗೇಟು ಹಾರಿ ಓಡಿದರು. ಪೇಟೆಯಿಂದ ಬಂದ ಓದುಗರು ತರಗತಿಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ದ್ಯಾಮಣ್ಣ ಮೇಜಿನ ಕಾಲು ಹಿಡಿದು ಏಳಲು ನೋಡಿದ. ಮೊಣಕಾಲಿಗೆ ಬಿದ್ದ ಏಟು ಅವನನ್ನು ಮತ್ತೆ ಮಲಗಿಸಿತು. ಹೆಂಗಸರು ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಬಾಗುವುದು, ಆರಿಸುವುದು, ಎಸೆಯುವುದು. ಕೂಲಿ ಕೆಲಸ ಮಾಡಿದಂತೆಯೇ ಮಾಡುತ್ತಿದ್ದರು. ಅದನ್ನು ನೋಡಿ ನನಗೆ ಹುಟ್ಟಿದ ಭಯ, ನನಗೇ ಏಟು ಬಿದ್ದಾಗ ಹುಟ್ಟಿರಲಿಲ್ಲ.

ಆಗ ಅಕ್ಕೋರು ಓಡಿಬಂದು ಅವನಿಗೆ ಅಡ್ಡ ನಿಂತರು. ಒಂದು ಕಲ್ಲು ಅವರ ಹೆಗಲಿಗೆ ತಾಗಿತು, ಇನ್ನೊಂದು ಹಣೆಗೆ. ಅವರು ಕದಲಲಿಲ್ಲ. ಎಸೆತ ನಿಂತಿತು. ಗೋಡೆಯ ಕಡೆಯಿಂದ ಹುಲಗವ್ವ ಬರುತ್ತಿದ್ದಳು. ಎರಡೂ ಕೈಯಲ್ಲಿ ಹಿಡಿದು ಹೊಟ್ಟೆಗಾನಿಸಿಕೊಂಡ ಕಲ್ಲು, ಪಾಯಕ್ಕೆ ಹಾಕುವಂಥದ್ದು.

"ಹುಲಗವ್ವಾ, ಬ್ಯಾಡ," ಎಂದರು ಅಕ್ಕೋರು. ರಕ್ತ ಅವರ ಹುಬ್ಬು ದಾಟಿ ಇಳಿಯುತ್ತಿತ್ತು. "ಇವನ್ನ ಕೊಂದ್ರ ನಿನ್ನ ಒಯ್ತಾರ. ಸೇಟ್ ನಾಳೆ ಬ್ಯಾರೇ ಮುಕಾದಮನ್ನ ತರ್ತಾನ. ಸೇಟ್‌ಗೇನೂ ಆಗೂದಿಲ್ಲ."

"ಸರೀರಿ ಅಕ್ಕೋರ. ಒಂದ್ ಮಾತು ಕೇಳೂದೈತಿ."

ಅಕ್ಕೋರು ಸರಿಯಲಿಲ್ಲ. ಹುಲಗವ್ವ ಅವರನ್ನು ಬಳಸಿ ಹೋಗಿ ದ್ಯಾಮಣ್ಣನ ಮುಖದ ಮೇಲೆ ಕಲ್ಲು ಹಿಡಿದು ನಿಂತಳು.

"ಅವತ್ತ ನಿಶಾನಿ ಎತ್ತಿದ್ಯೋ ಇಲ್ಲೋ?"

ಅವನು ಬಾಯಲ್ಲಿ ತುಂಬಿದ್ದ ರಕ್ತ ಉಗಿದ.

"ಎಲ್ಲಾರಿಗೂ ಕೇಳೂಹಂಗ ಹೇಳು."

"ಎತ್ತಲಿಲ್ಲ."

"ಯಾಕ?"

"ಲಾರಿ ಕಾಯಾಕತ್ತಿತ್ತು. ಸೇಟ್ ಒದರಾಕತ್ತಿದ್ದ. ಎತ್ತಿದ್ರ ಎಲ್ಲಾರೂ ಕೆಲಸಾ ಬಿಟ್ಟು ಓಡಿ, ತಿರುಗಿ ಬರೂತನಾ ತಾಸ್ ಹೊತ್ತು ಹೋಗತಿತ್ತು." ಅವನು ಅಳತೊಡಗಿದ. "ಅಂವ ಮದ್ದಿನ ಬಾಜೂಕ ಹೊಂಟಾನ ಅಂತ ನನಗ ಗೊತ್ತಿರಲಿಲ್ಲ ಹುಲಗವ್ವ. ನಮ್ಮವ್ವನ ಆಣಿ."

"ಕುಡದಿದ್ದನ ಅಂವ?"

"ಇಲ್ಲ."

ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ಅವಳು ಕಲ್ಲನ್ನು ಅವನ ಬಲಗೈಯ ಮೇಲೆ ಬಿಟ್ಟಳು.

ಅವನ ಕೂಗನ್ನು ನಾನಿಲ್ಲಿ ಬರೆಯಲಾರೆ. ಕೈಯ ಕೆಲಸದಿಂದಲೇ ಅನ್ನ ಕಾಣುವವನು ನಾನು; ಅವಳ ಪರವಾಗಿದ್ದೂ ನನ್ನ ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡೆ.

ಪೋಲೀಸರು ಬಂದರು. ಹುಲಗವ್ವನನ್ನೂ ಗಣಿಯ ಕೆಲವರನ್ನೂ ವ್ಯಾನಿಗೆ ಹತ್ತಿಸಿದರು. ದ್ಯಾಮಣ್ಣ ಆಡಿದ ಮಾತನ್ನು ಅಕ್ಕೋರು ಠಾಣೆಯಲ್ಲಿ ಮತ್ತೆ ಮತ್ತೆ ಹೇಳಿದರು. ತಲೆಯ ಮೇಲೆ ಕಲ್ಲು ಹಿಡಿದು ಹೇಳಿಸಿದ ಮಾತಿಗೆ ಬೆಲೆಯಿಲ್ಲ ಎಂದರು ಪೋಲೀಸರು. ಅಕ್ಕೋರು ಹೇಳಿದ ಹಾಗೆಯೇ ಸೇಟ್ ಬೇರೆ ಮುಕಾದಮನನ್ನು ತಂದ. ಕೈ ಹೋದ ದ್ಯಾಮಣ್ಣ ಊರಿಗೆ ಹೋದನೆಂದು ಕೇಳಿದೆ. ಸತ್ತವನ ಕೇಸು ಮತ್ತೆ ತೆರೆಯಲಿಲ್ಲ. ಆದರೆ ಆಮೇಲೆ ಗಣಿಯ ಜನ, ಬಾವುಟ ಬಂಡೆ ಏರುವವರೆಗೆ ಮದ್ದಿಗೆ ಬೆಂಕಿ ಹಚ್ಚಲು ಬಿಡುವುದಿಲ್ಲ ಎಂದು ಕೂತುಬಿಟ್ಟರು. ಸೇಟ್ ಒಪ್ಪಿಕೊಳ್ಳಬೇಕಾಯಿತು.

ಪೈ ಮಾಮ ಹೊಸ ಹೊದಿಕೆ ಅಚ್ಚು ಹಾಕಲು ತಯಾರಿದ್ದರು. ಅಕ್ಕೋರು ಪುಸ್ತಕ ಮಾರುವುದೇ ಬೇಡವೆಂದರು. ಸುಳ್ಳು ಕೊನೆಯ ಆ ಬೋಳು ಪ್ರತಿಗಳು ರದ್ದಿಗೆ ಹೋದವು. ಅವರು ಮತ್ತೆ ಕಾದಂಬರಿ ಬರೆಯಲಿಲ್ಲ. ಹಣೆಯ ಗೆರೆಯನ್ನು ಕುಂಕುಮದಡಿ ಮುಚ್ಚಿಕೊಂಡು ರಿಟೈರಾಗುವವರೆಗೆ ಅದೇ ಶಾಲೆಯಲ್ಲಿ ಪಾಠ ಹೇಳಿದರು.

ಮಳೆ ಮುಗಿಯುವ ಹೊತ್ತಿಗೆ ಹುಲಗವ್ವನನ್ನು ಜಾಮೀನಿನ ಮೇಲೆ ಬಿಟ್ಟರು. ಗಣಿಯಲ್ಲಿ ಅವಳಿಗೆ ಕೆಲಸ ಕೊಡಲಿಲ್ಲ. ಪವಾಯಿ ಕೆರೆಯ ಕಡೆ ಒಂದು ಬಿಲ್ಡಿಂಗಿನ ಕೆಲಸದಲ್ಲಿದ್ದಾಳೆಂದು ತಿಳಿದು ಹುಡುಕಿಕೊಂಡು ಹೋದೆ. ಹೋಗುವ ಮೊದಲು ಅವಳಿಗಾಗಿ ಆ ಚಿತ್ರವನ್ನು ಮತ್ತೊಮ್ಮೆ, ಒಳ್ಳೆಯ ಕಾಗದದಲ್ಲಿ, ಬಣ್ಣ ಮಾಸದ ಹಾಗೆ ಬರೆದಿದ್ದೆ. ಪ್ರತಿಯೊಂದು ಹೊದಿಕೆಯೂ ಹರಿದುಹೋಗಿತ್ತಲ್ಲ. ಅವಳ ಬಳಿಯಾದರೂ ಒಂದಿರಲಿ ಎಂದು.

ಸಿಮೆಂಟಿನ ಬೂದಿ ಮೆತ್ತಿದ ಮುಖದಲ್ಲಿ ಅವಳ ಗುರುತು ಹತ್ತಿದ್ದು ಆ ಎರಡಾದ ಕಿವಿಯಿಂದ. ನನ್ನನ್ನು ನೋಡಿ ನಕ್ಕಳು. ಹಾಳೆ ಬಿಡಿಸಿ ತೋರಿಸಿದೆ. ಗಮನವಿಟ್ಟು ನೋಡಿದಳು. ಆಮೇಲೆ ಕೈ ಚಾಚದೆಯೇ ಹೇಳಿದಳು.

"ಒಯ್ಯಿರಿ ಸರ. ಅಂವ ಬಾಯಿಲೆ ಹೇಳ್ಯಾನ, ಎಲ್ಲಾರೂ ಕೇಳ್ಯಾರ. ಇನ್ನ ಚಿತ್ರ ಯಾಕ ಬೇಕು?"

ನಾನು ಹಾಳೆ ಸುತ್ತಿಕೊಂಡೆ. ಮೇಲಿನಿಂದ ಯಾರೋ ಖಡಿ ತರಲು 'ಮಾಲು ಮಾಲು' ಎಂದು ಕೂಗುತ್ತಿದ್ದರು. ಅವಳು ತಲೆಗೆ ಸಿಂಬಿ ಇಟ್ಟುಕೊಂಡು, ಖಡಿ ತುಂಬಿದ ಬುಟ್ಟಿಯ ಮುಂದೆ ಬಾಗಿದಳು.

"ಬುಟ್ಟಿ ಎತ್ತಿಕೊಡ್ರಿ. ಎರಡೂ ಕೈ ಹಚ್ಚ್ರಿ, ಭಾರ ಐತಿ."

"ಎಡಗೈ ಮೇಲೆ ಏಳೋದಿಲ್ಲ ಹುಲಗವ್ವ. ಮೂಳೆ ಸರಿಯಾಗಿ ಕೂಡಲಿಲ್ಲ."

ಅವಳು ನನ್ನ ಭುಜವನ್ನು ಒಂದು ಗಳಿಗೆ ನೋಡಿದಳು. "ಹಂಗಾರ ನಾನಽ ಇನ್ನೂ ಕೆಳಗ ಕೂಡ್ತೀನಿ," ಎಂದು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿದಳು. ನಾನು ಬಲಗೈಯನ್ನೂ ಮೊಣಕಾಲನ್ನೂ ಕೊಟ್ಟು ಬುಟ್ಟಿಯನ್ನು ಅವಳ ಸಿಂಬಿಯ ಮೇಲೆ ಕೂರಿಸಿದೆ. ಅವಳು ಒಂದೇ ಉಸಿರಿಗೆ ಎದ್ದು, ಹಲಗೆಯ ಮೇಲೆ ಹೆಜ್ಜೆಯಿಡುತ್ತಾ ಮೇಲಕ್ಕೆ ಹತ್ತಿದಳು.